ಕೆಂಡ ಸರಿಸಿದವನು

ಕ್ರಿಸ್ಮಸ್ಸಿನ ಬೆನ್ನಿಗೆ ಬರುವ ಮೂರು ರಾಯರ ಹಬ್ಬ ಮುಗಿದ ವಾರ, ಇನ್ನೂ ನಸುಕು ಹರಿಯುತ್ತಿದ್ದಾಗ, ಇದ್ದಿಲು ಸುಡುವ ಗೆರಿನ್ ತನ್ನ ಸತ್ತ ಮಗಳನ್ನು ರೊಟ್ಟಿ ಬುಟ್ಟಿಯಲ್ಲಿ ಮಲಗಿಸಿಕೊಂಡು ಒಂಬ್ರವಾಲ್ ಪಟ್ಟಣದ ದೊಡ್ಡ ಇಗರ್ಜಿಗೆ ಹೊರಟ. ಹಿಂದಿನ ದಿನ ಮಧ್ಯಾಹ್ನ ಹುಟ್ಟಿದ ಮಗು. ಹುಟ್ಟಿತು ಎನ್ನುವುದಕ್ಕೂ ನಾಲಿಗೆ ಏಳುವುದಿಲ್ಲ, ಯಾಕೆಂದರೆ ಅದು ಅತ್ತಿರಲೇ ಇಲ್ಲ.

ಲೊರೇನ್ ಸೀಮೆಯ ಆ ಕಾಡಂಚಿನ ಜನಕ್ಕೆ ಇಂಥ ಸಂಕಟದಲ್ಲಿ ಉಳಿದಿದ್ದದ್ದು ಒಂದೇ ದಾರಿ. ಜ್ಞಾನಸ್ನಾನವಾಗದೆ ಹೋದ ಕೂಸಿಗೆ ಸ್ವರ್ಗವೂ ಇಲ್ಲ, ಇಗರ್ಜಿಯ ಮಣ್ಣೂ ಇಲ್ಲ. ಸತ್ತ ಮೇಲೆ ತಲೆಗೆ ಹಾಕಿದ ನೀರು ಬರೀ ನೀರು. ಆದರೆ ಒಂಬ್ರವಾಲಿನ ಇಗರ್ಜಿಯ ದೇವಮಾತೆ ಕರುಣೆಯುಳ್ಳವಳು. ಅವಳ ಕಾಲ ಬುಡದಲ್ಲಿ ಮಲಗಿಸಿದ ಕೂಸುಗಳಿಗೆ ಒಂದು ಗಳಿಗೆ ಜೀವ ಮರಳುತ್ತಿತ್ತು. ಕೆನ್ನೆ ಕೆಂಪೇರುವುದು, ತುಟಿಯ ಮೇಲಿಟ್ಟ ಪುಕ್ಕ ಅಲುಗುವುದು, ಅಷ್ಟೇ. ಆ ಗಳಿಗೆಯಲ್ಲಿ ಪಾದ್ರಿ ನೀರು ಹಾಕಿ ಹೆಸರಿಡುತ್ತಿದ್ದರು. ಆಮೇಲೆ ಕೂಸು ಎರಡನೇ ಸಲ ಸಾಯುತ್ತಿತ್ತು, ಈ ಸಲ ಸರಿಯಾಗಿ.

ಬಾಣಂತಿಯಾದವಳು ಶುದ್ಧಿಯಾಗುವ ತನಕ ಇಗರ್ಜಿಯ ಹೊಸ್ತಿಲು ತುಳಿಯುವಂತಿರಲಿಲ್ಲ. ಹಾಗಾಗಿ ಇಸಾಬೊ ಹಾಸಿಗೆಯಲ್ಲೇ ಉಳಿದಳು. ಗಂಡ ಬುಟ್ಟಿಯ ಮೇಲೆ ಬಟ್ಟೆ ಎಳೆಯುವಾಗ ಅವಳು ಅವನ ತೋಳು ಹಿಡಿದುಕೊಂಡಳು. ಹೆರಿಗೆಯಲ್ಲಿ ಕೂಗಿ ಕೂಗಿ ಅವಳ ದನಿ ಒಡೆದುಹೋಗಿತ್ತು.

"ನೀನೇ ನೋಡು," ಎಂದಳು. "ಬಾರ್ಬಕ್ಕ ಹೇಳಿದ್ದು ನಂಗೆ ಬೇಡ. ಅತ್ತೆ ಹೇಳಿದ್ದೂ ಬೇಡ. ನನ್ನ ಸಮಾಧಾನಕ್ಕೆ ಅಂತ ಅವ್ರು ಏನ್ ಬೇಕಾದ್ರೂ ಹೇಳ್ತಾರೆ. ನೀನು ನಿನ್ನ ಕಣ್ಣಾರೆ ನೋಡಿ, ಉಸಿರಾಡಿದ್ಲು ಅಂತ ಬಂದು ಹೇಳು. ನೀನು ಹೇಳಿದ್ರೆ ನಂಬ್ತೀನಿ."

"ನೋಡ್ತೀನಿ," ಎಂದ ಗೆರಿನ್.

"ಬರೀ ನೋಡ್ತೀನಿ ಅಲ್ಲ. ಸರಿಯಾಗಿ ನೋಡ್ಬೇಕು. ಅವಳು ಹೊರಗೆ ನಿಂತಿರೋದು ನಂಗೆ ಕಾಣ್ತಿದೆ ಕಣೋ. ಕಣ್ಣು ಮುಚ್ಚಿದ್ರೆ ಸಾಕು, ಯಾವುದೋ ಮುಚ್ಚಿದ ಬಾಗಿಲ ಹತ್ರ ಒಬ್ಳೇ ನಿಂತಿರ್ತಾಳೆ. ಬಟ್ಟೆನೂ ಇಲ್ಲ ಮೈಮೇಲೆ."

ಗೆರಿನ್ ಮಾತಿನವನಲ್ಲ. ವರ್ಷದ ಬಹುಪಾಲು ಕಾಡಿನಲ್ಲಿ ಹೊಗೆಯಾಡುವ ಇದ್ದಿಲು ಗೂಡಿನ ಪಕ್ಕ ಒಬ್ಬನೇ ಕೂತು ಬದುಕುವವನು. ಹೊಗೆಯ ಬಣ್ಣ ನೋಡಿ ಒಳಗೆ ಬೆಂಕಿ ಎಲ್ಲಿದೆ ಎಂದು ಹೇಳುತ್ತಿದ್ದನೇ ಹೊರತು ಮನುಷ್ಯರ ಮುಖ ನೋಡಿ ಏನು ಹೇಳಬೇಕೆಂದು ಅವನಿಗೆ ಯಾವತ್ತೂ ಹೊಳೆದದ್ದಿಲ್ಲ. ಹೆಂಡತಿಯ ಹಣೆಗೊಂದು ಮುತ್ತು ಕೊಟ್ಟು ಹೊರಬಿದ್ದ.

ದಾರಿಯ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ಮುಂದೆ ಗೆರಿನ್, ಹಿಂದೆ ಅವನ ತಾಯಿ ಎರ್ಮಿನ್, ಅವಳ ಹಿಂದೆ ಸೂಲಗಿತ್ತಿ ಬಾರ್ಬ್. ಎರ್ಮಿನಳ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ. ಬಾರ್ಬ್ ದಪ್ಪನೆಯ ಹೆಂಗಸು, ಸುತ್ತಲ ಹಳ್ಳಿಗಳ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು. ತಲೆಬಟ್ಟೆಯ ಮಡಿಕೆಯಲ್ಲಿ ಬಾತುಕೋಳಿಯ ಎಳೇ ಪುಕ್ಕವೊಂದನ್ನು ಜೋಪಾನವಾಗಿ ಸಿಕ್ಕಿಸಿಕೊಂಡಿದ್ದಳು.

ಊರಿನ ಕೊನೇ ಬೇಲಿ ದಾಟುತ್ತಿದ್ದಂತೆ ಎರ್ಮಿನ್ ಶುರು ಮಾಡಿದಳು.

"ಕಾಲು ಈಚೆ ಬಂದಾಗ ಒದೀತಾ ಇತ್ತು. ನನ್ನ ಕೈಯಿಟ್ಟು ನೋಡಿದೀನಿ. ಅವಾಗ್ಲೇ ಆ ಕಾಲ್ಮೇಲೆ ಒಂದು ಬೊಗಸೆ ನೀರು ಸುರಿದು ನಾಲ್ಕು ಮಾತು ಹೇಳಿದ್ರೆ ಮುಗೀತಿತ್ತಲ್ಲೇ ಬಾರ್ಬ್. ಈ ಹಿಮ ತುಳಿಯೋ ಕರ್ಮ ಯಾರಿಗಿತ್ತು?"

"ಕಾಲಿಗೆ ಹಾಕಿದ್ ನೀರು ತಲೆಗೆ ಹತ್ತತ್ತಾ ಎರ್ಮಿನಕ್ಕ? ನಮ್ಮವ್ವ ಹೇಳ್ಕೊಟ್ಟಿದ್ದು ತಲೆಗೆ ಹಾಕು ಅಂತ. ಆತ್ಮ ಇರೋದು ತಲೇಲಿ."

"ನಿನ್ನದಂತೂ ಅಲ್ಲಿಲ್ಲ."

"ಪಾದ್ರಿಗಳೂ ಹಂಗೇ ಹೇಳ್ತಾರೆ. ಕಾಲಿಗೆ ಹಾಕಿದ್ರೆ ಆಯ್ತೋ ಇಲ್ವೋ ಅಂತ ಅನುಮಾನ ಉಳಿಯತ್ತೆ."

"ಅನುಮಾನ ಉಳಿದಿದ್ರೆ ಚೆನ್ನಾಗಿತ್ತು ಕಣೆ. ಈಗ ಅದೂ ಉಳೀಲಿಲ್ಲ."

ಆಪತ್ತಿನಲ್ಲಿ ಸೂಲಗಿತ್ತಿಯೇ ಜ್ಞಾನಸ್ನಾನ ಕೊಡಬಹುದು, ಇಗರ್ಜಿಯ ಒಪ್ಪಿಗೆಯೇ ಇತ್ತು ಅದಕ್ಕೆ. ಬಾರ್ಬ್ ನೀರಿನ ಬಟ್ಟಲು ಕೈಯಲ್ಲಿ ಹಿಡಿದೇ ಇದ್ದಳು. ಕಾಲಿಗೆ ಹಾಕಿ ಅರೆಬರೆ ಮಾಡುವುದಕ್ಕಿಂತ ತಲೆ ಬರಲಿ, ಸರಿಯಾಗಿಯೇ ಆಗಲಿ ಎಂದು ಕಾದಳು. ತಲೆ ಬರುವಷ್ಟರಲ್ಲಿ ಕಾಲು ಒದೆಯುವುದು ನಿಂತಿತ್ತು. ಅವಳು ಆ ಬಟ್ಟಲನ್ನು ಯಾವಾಗ ಕೆಳಗಿಟ್ಟಳೆಂದು ಅವಳಿಗೇ ನೆನಪಿಲ್ಲ.

ಗೆರಿನ್ ಹಿಂತಿರುಗದೆಯೇ, "ಅವ್ವ, ಸುಮ್ನೆ ನಡಿ," ಎಂದ.

"ನಾನೇನ್ ಹೇಳ್ದೆ ಈಗ?"

"ಏನೂ ಹೇಳ್ಬೇಡ. ಅದನ್ನೇ ನಾನು ಹೇಳ್ತಿರೋದು."

ಬಾರ್ಬ್ ಬಿರಬಿರನೆ ನಡೆದು ಅವನ ಪಕ್ಕಕ್ಕೆ ಬಂದಳು. ಮೆಲ್ಲಗೆ, ಮುದುಕಿಗೆ ಕೇಳದ ಹಾಗೆ, "ಅವಳು ಉಸಿರಾಡ್ತಾಳೆ ಕಣಪ್ಪ," ಎಂದಳು. "ನಾನು ನೋಡ್ಕೋತೀನಿ. ನೀನು ಅಲ್ಲಿ ನಿಂತಿದ್ರೆ ಸಾಕು."

ಪಟ್ಟಣದ ಬಾಗಿಲಲ್ಲಿ ಕಾವಲಿನವನು ಈಟಿಯಿಂದಲೇ ಬುಟ್ಟಿಯ ಕಡೆ ತೋರಿಸಿದ. "ಏನಿದೆ ಅದ್ರೊಳಗೆ? ಬೆಣ್ಣೆನಾ? ಈ ಚಳೀಲಿ ಬೆಣ್ಣೆಗೆ ಅಷ್ಟೊಂದು ಹೊದಿಕೆ ಯಾಕಯ್ಯಾ, ಏನ್ ಕರಗಿ ಹೋಗತ್ತಾ?" ಅವನ ಜೊತೆಗಾರ ನಕ್ಕ. ಬಾರ್ಬ್ ಮುಂದೆ ಬಂದು ಬಟ್ಟೆಯ ತುದಿ ಎತ್ತಿದಳು. ಕಾವಲಿನವನ ನಗು ಬಾಯಲ್ಲೇ ಉಳಿಯಿತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಪಕ್ಕಕ್ಕೆ ಸರಿದ. "ನಂದೂ ಒಂದು ಹೋಗಿತ್ತು ಇದೇ ದಾರೀಲಿ," ಎಂದ, ಯಾರಿಗೆಂದು ಹೇಳದೆ.

ದೊಡ್ಡ ಇಗರ್ಜಿ ಪಟ್ಟಣದ ಮನೆಗಳ ನಡುವೆ ಹೇಗೆ ನಿಂತಿತ್ತೆಂದರೆ, ಮನೆಗಳೆಲ್ಲ ಅದರ ಕಾಲಿಗೆ ಬಿದ್ದ ಹಾಗೆ. ಯಾರ ತಾತನ ತಾತನೋ ಶುರು ಮಾಡಿದ ಕಲ್ಲಿನ ಕೆಲಸ; ಒಂದು ಗೋಪುರ ಮುಗಿದಿತ್ತು, ಇನ್ನೊಂದು ಮುಗಿಯುವ ಲಕ್ಷಣವಿರಲಿಲ್ಲ. ಗೆರಿನ್ ಪಟ್ಟಣದ ಕಮ್ಮಾರರಿಗೆ ಇದ್ದಿಲು ಹಾಕಲು ಬಂದಾಗಲೆಲ್ಲ ಅದರ ನೆರಳಿನಲ್ಲಿ ಹಾದು ಹೋಗಿದ್ದನೇ ವಿನಾ ಒಳಗೆ ಹೋದದ್ದು ಕಡಿಮೆ; ಮೈಗೆಲ್ಲ ಮಸಿ. ಇವತ್ತು ಪಡುವಣ ಬಾಗಿಲ ಮುಂದೆ ಅವನ ಕಾಲು ತಾನಾಗಿ ನಿಂತಿತು. ಬಾಗಿಲ ನೆತ್ತಿಯಲ್ಲಿ ಕಡೇ ತೀರ್ಪಿನ ದಿನವನ್ನು ಕಲ್ಲಿನಲ್ಲಿ ಕಡೆದಿದ್ದರು. ಒಂದು ಕಡೆ ದೆವ್ವಗಳು ಜನರನ್ನು ಸರಪಳಿ ಕಟ್ಟಿ ಎಳೆಯುತ್ತಿದ್ದವು. ಇನ್ನೊಂದು ಕಡೆ ಗಡ್ಡದ ಮುದುಕನೊಬ್ಬ ಮಡಿಲಲ್ಲಿ ಬಟ್ಟೆ ಹಾಸಿಕೊಂಡು ಕೂತಿದ್ದ. ಬಟ್ಟೆಯೊಳಗಿಂದ ಪುಟ್ಟ ಪುಟ್ಟ ತಲೆಗಳು ಇಣುಕುತ್ತಿದ್ದವು. ಸ್ವರ್ಗ ಸೇರಿದವರ ತಲೆಗಳು. ಆ ಬಟ್ಟೆಯಲ್ಲಿ ಇನ್ನೊಂದಕ್ಕೆ ಜಾಗವಿದೆಯೇ ಎಂದು ಗೆರಿನ್ ಬಹಳ ಹೊತ್ತು ನೋಡಿದ.

"ಏನೋ ಅದು, ಯಾಕೆ ನಿಂತೆ?" ಎಂದಳು ಎರ್ಮಿನ್.

"ಏನಿಲ್ಲ ಅವ್ವ. ಮೆಟ್ಟಿಲಿದೆ, ನೋಡ್ಕೊಂಡು ಬಾ."

ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಮೇಲೆ ನೋಡಿದರೆ ಕಂಬಗಳು ಅವನ ಕಾಡಿನ ಬೀಚ್ ಮರಗಳ ಹಾಗೆ ಏರಿ ಏರಿ ಕತ್ತಲಲ್ಲಿ ಕೊಂಬೆ ಚಾಚಿದ್ದವು. ಅವನು ಕಡಿಯಲಾರದ ಕಾಡು ಅದು. ಕೆಳಗೆ ಮಾತ್ರ ಸಂತೆಯ ಗದ್ದಲ. ಇಬ್ಬರು ವರ್ತಕರು ಕಂಬಕ್ಕೊರಗಿ ಉಣ್ಣೆಯ ವ್ಯಾಪಾರ ಮಾತಾಡುತ್ತಿದ್ದರು, ನಾಯಿಯೊಂದು ಯಾರದೋ ಗೋರಿಯ ಕಲ್ಲಿನ ಮೇಲೆ ಮಲಗಿತ್ತು, ಮರದ ತಡಿಕೆಯ ಆಚೆ ಪಾದ್ರಿಗಳು ನೆಗಡಿಯ ಮೂಗಿನಲ್ಲಿ ಹಾಡುತ್ತಿದ್ದರು.

ಮಾತೆಯ ಗುಡಿ ಬಲಗಡೆಯ ಗೋಡೆಯಲ್ಲಿತ್ತು. ಅಲ್ಲಿ ಮೇಣದಬತ್ತಿ ಮಾರುವ ಜಾಕೊತ್ ಎಂಬ ಹೆಂಗಸು ಇವರನ್ನು ಕಂಡದ್ದೇ ಎದ್ದಳು. ಬುಟ್ಟಿ ನೋಡಿದರೇ ಅವಳಿಗೆ ತಿಳಿಯುತ್ತಿತ್ತು.

"ಗಂಡಾ ಹೆಣ್ಣಾ?"

"ಹೆಣ್ಣು," ಎಂದಳು ಬಾರ್ಬ್.

"ಚೊಚ್ಚಲಾ?"

"ಬದುಕಿದ್ದಿದ್ರೆ ಚೊಚ್ಚಲು."

"ಬಾಪ್ಪಾ, ಇಲ್ಲಿ ಮಲಗ್ಸು. ಅಲ್ಲಲ್ಲ, ಇನ್ನೊಂಚೂರು ಈ ಕಡೆ. ತಲೆ ಕಿಟಕಿ ಕಡೆಗಿರ್ಲಿ. ಹಾಂ." ಜಾಕೊತ್ ಕೂಸಿನ ಸುತ್ತಿದ ಬಟ್ಟೆಯನ್ನು ಅಭ್ಯಾಸದ ಕೈಯಿಂದ ಕುತ್ತಿಗೆಯ ತನಕ ಸಡಿಲಿಸಿದಳು. ಆಮೇಲೆ ಕೆಂಡ ತುಂಬಿದ ಅಗ್ಗಿಷ್ಟಿಕೆಯೊಂದನ್ನು ತಂದು ಕಲ್ಲಿನ ಕಟ್ಟೆಯ ತಲೆಭಾಗದಲ್ಲಿ, ತೀರ ಹತ್ತಿರ ಇಟ್ಟಳು. "ಚಳಿ ನೋಡು, ಪಾಪ," ಎಂದಳು.

ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು. ನೀರಿಗೆ ಹೊರಟ ಹೆಂಗಸರು ಕೊಡ ಹೊರಗಿಟ್ಟು ಬಂದರು, ಬೇಕರಿಯ ಒಡತಿ ಹಿಟ್ಟಿನ ಕೈಯಲ್ಲೇ ಬಂದಳು. ಎಲ್ಲರೂ ಮಂಡಿಯೂರಿ ಜಪಮಾಲೆ ಹಿಡಿದರು. ಯಾರಿಗೂ ಯಾರ ಗುರುತೂ ಇರಲಿಲ್ಲ. ಆದರೂ ಆ ಪ್ರಾರ್ಥನೆ ಸುಳ್ಳಿನದಾಗಿರಲಿಲ್ಲ, ಕೆಲವರ ಕಣ್ಣಲ್ಲಿ ನೀರಿತ್ತು.

ಪಾದ್ರಿ ಬೆರ್ತಿಯೆ ಬಂದದ್ದು ನಡುಹಗಲಿನ ಪೂಜೆ ಮುಗಿದ ಮೇಲೆ. ತೆಳ್ಳಗಿನ ಮನುಷ್ಯ, ಚಳಿಗೆ ಬೆರಳು ಬಾತು ಒಡೆದಿದ್ದವು. ಉಪ್ಪಿನ ಡಬ್ಬಿ, ಎಣ್ಣೆ, ನೀರಿನ ಗಿಂಡಿ ಎಲ್ಲವನ್ನೂ ಕಟ್ಟೆಯ ಮೂಲೆಯಲ್ಲಿ ಜೋಡಿಸಿಟ್ಟು ಕೇಳಿದರು. "ತಂದೆ ಯಾರು?"

"ನಾನು, ಗುರುಗಳೇ."

"ನೀನೇ ಬಂದದ್ದು ಒಳ್ಳೇದಾಯ್ತು. ಈಚೆಗೆ ಬಿಷಪ್ಪರ ಅಪ್ಪಣೆಯಾಗಿದೆ. ಬರೀ ಹೆಂಗಸರ ಮಾತಿನ ಮೇಲೆ ನೀರು ಹಾಕೋ ಹಾಗಿಲ್ಲ. ಮನೆಯ ಗಂಡಸೊಬ್ಬ ಕಂಡೆ ಅಂತ ಮಾತೆಯ ಮುಂದೆ ಆಣೆ ಇಡಬೇಕು. ಕೆನ್ನೆಗೆ ರಕ್ತ ಬಂದದ್ದು ಕಾಣಬೇಕು, ಉಸಿರು ಬಂದದ್ದು ಕಾಣಬೇಕು. ಎರಡೂ ಕಂಡ ಮೇಲೆ ನನ್ನ ಕರಿ. ಇಲ್ಲೇ ಇರ್ತೀನಿ." ಹೀಗೆ ಹೇಳಿ ಅವರು ಪಕ್ಕದ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ಪ್ರಾರ್ಥನೆಯೋ ಜೋಂಪೋ ಹೇಳುವುದು ಕಷ್ಟ.

ಸೂರ್ಯ ಮೋಡದಿಂದ ಈಚೆ ಬಂದ. ಕಿಟಕಿಯ ಬಣ್ಣದ ಗಾಜಿನಲ್ಲಿ ಯಾವುದೋ ಸಂತನ ಕೆಂಪು ನಿಲುವಂಗಿ ಹೊತ್ತಿಕೊಂಡಿತು. ಆ ಕೆಂಪು ಗೋಡೆಯಿಂದ ಇಳಿದು, ಕಟ್ಟೆಯ ಮೇಲೆ ತೆವಳಿ, ನಿಧಾನವಾಗಿ ಕೂಸಿನ ಕೆನ್ನೆಗೆ ಬಂತು.

"ಬಂತು ನೋಡ್ರೇ, ಬಂತು," ಎಂದಳು ಬೇಕರಿಯವಳು, ಪಿಸುದನಿಯಲ್ಲಿ. "ಕೆನ್ನೆ ಹೆಂಗೆ ರಂಗೇರ್ತು."

ಗೆರಿನ್ ನೋಡಿದ. ಕೂಸಿನ ಕೆನ್ನೆ ಕೆಂಪಾಗಿತ್ತು, ನಿದ್ದೆ ಮಾಡಿ ಎದ್ದ ಮಕ್ಕಳ ಕೆನ್ನೆಯ ಹಾಗೆ. ಮುಟ್ಟಲೆಂದು ಕೈ ಚಾಚಿದ. ಕೈ ಕೂಸಿನ ಮುಖದ ಮೇಲೆ ಬಂದಾಗ ಕೆಂಪು ಅವನ ಮಸಿಗೈ ಮೇಲೆ ಕೂತಿತು. ಕೂಸಿನ ಕೆನ್ನೆ ಮೇಣದ ಬಣ್ಣಕ್ಕೆ ತಿರುಗಿತು. ಅವನು ಕೈ ಹಿಂದೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹೆಂಗಸರು ಜಪಮಾಲೆಯತ್ತ ಕಣ್ಣಿಳಿಸಿದರು. ಇರಲಿ, ರಕ್ತ ಇಲ್ಲದಿದ್ದರೂ ಉಸಿರು ಬರಬಹುದು ಎಂದುಕೊಂಡ.

ಬಾರ್ಬ್ ತಲೆಬಟ್ಟೆಯಿಂದ ಪುಕ್ಕ ತೆಗೆದಳು. ಕೂಸಿನ ತುಟಿಯ ಮೇಲೆ ಇಟ್ಟು, ತನ್ನ ಉಸಿರು ತಾಕದ ಹಾಗೆ ಬಾಯಿಗೆ ತಲೆಬಟ್ಟೆಯ ತುದಿ ಒತ್ತಿಕೊಂಡು ಹಿಂದೆ ಸರಿದಳು. ಅವಳು ಮೋಸಕ್ಕೆ ಬಂದವಳಲ್ಲ. ಅದನ್ನು ಗೆರಿನ್ ಆಮೇಲೂ ಮರೆಯಲಿಲ್ಲ.

ಜಪ ಸಾಗಿತು. ಜಾಕೊತ್ ಎದ್ದು ಬಂದು ಕೆಂಡವನ್ನು ಕಡ್ಡಿಯಿಂದ ಕೆದಕಿದಳು, ಬೂದಿ ಜಾರಿ ಕೆಂಪು ಮೇಲೆ ಬಂತು. ಪುಕ್ಕದ ಅಂಚಿನ ಒಂದು ಎಳೆ ಎದ್ದಿತು, ಬಿತ್ತು. ಮತ್ತೆ ಎದ್ದಿತು. ಇಡೀ ಪುಕ್ಕ ಒಮ್ಮೆ ಹಗುರವಾಗಿ ತುಟಿಯನ್ನು ಬಿಟ್ಟೆದ್ದು ಗಲ್ಲದ ಮೇಲೆ ಕೂತಿತು.

ಹೆಂಗಸರ ನಡುವೆ ಗಾಳಿ ಬೀಸಿದಂಥ ಒಂದು ಸದ್ದು. ಎರ್ಮಿನ್, "ಬಂತಾ? ಉಸಿರು ಬಂತಾ?" ಎಂದು ಪಕ್ಕದವಳ ತೋಳು ಜಗ್ಗಿದಳು. "ಬಂತು ಅಜ್ಜಿ, ಬಂತು." ಮುದುಕಿ ನೆಲಕ್ಕೆ ಹಣೆ ಹಚ್ಚಿದಳು. ಪಾದ್ರಿ ಎದ್ದು ಗಿಂಡಿ ಕೈಗೆ ತೆಗೆದುಕೊಂಡರು.

"ಕಂಡೆಯೇನಪ್ಪ?"

ಒಂದು ಮಾತು ಸಾಕಿತ್ತು.

ಆದರೆ ಗೆರಿನ್ ಇದ್ದಿಲು ಸುಡುವವನು. ಗಾಳಿಯೇ ಇಲ್ಲದ ದಿನ ಗೂಡಿನ ಮೇಲೆ ಒಣಗಿದ ಎಲೆ ತಾನಾಗಿ ಎದ್ದು ಕುಣಿಯುವುದನ್ನು, ಬೂದಿಯ ಚೂರು ಮೇಲೆ ಮೇಲೆ ಹೋಗುವುದನ್ನು ಅವನು ಹುಡುಗನಾಗಿದ್ದಾಗಿನಿಂದ ನೋಡಿದ್ದಾನೆ. ಅದನ್ನು ಗೊತ್ತಿಲ್ಲದ ಹಾಗೆ ಮಾಡಿಕೊಳ್ಳುವುದು ಅವನ ಕೈಲಿರಲಿಲ್ಲ. ಅವನಿಗೆ ಮಾತೆಯ ಮೇಲೆ ಅನುಮಾನ ಬರಲಿಲ್ಲ. ಅದೇ ಮುಖ್ಯವಾದ ಮಾತು. ಕೊಡುವವಳು ಅವಳಾದರೆ ಚಳಿಯಲ್ಲೂ ಕೊಡುತ್ತಾಳೆ, ಕೆಂಡದ ಹಂಗು ಅವಳಿಗೇಕೆ ಎಂದಷ್ಟೇ ಅವನು ಯೋಚಿಸಿದ್ದು. ಸರಿಯಾಗಿ ನೋಡು ಎಂದಿದ್ದಳು ಇಸಾಬೊ.

"ಒಂದ್ ನಿಮಿಷ ಗುರುಗಳೇ," ಎಂದ. ಬಗ್ಗಿ, ಅಂಗಿಯ ತುದಿಯಿಂದ ಅಗ್ಗಿಷ್ಟಿಕೆಯ ಹಿಡಿ ಹಿಡಿದು, ಎತ್ತಿಕೊಂಡು ಹೋಗಿ ದೂರದ ಕಂಬದ ಹಿಂದೆ ಇಟ್ಟು ಬಂದ. ಪುಕ್ಕವನ್ನು ಕೂಸಿನ ತುಟಿಯ ಮೇಲೆ ಮತ್ತೆ ಇಟ್ಟ. ಮಂಡಿಯೂರಿ ಕೂತ. "ಈಗ ನೋಡೋಣ," ಎಂದ.

ಜಪ ನಿಂತುಹೋಯಿತು. ಪುಕ್ಕ ಇಟ್ಟ ಜಾಗದಲ್ಲೇ ಇತ್ತು.

ಕಾದರು. ಕಿಟಕಿಯ ಕೆಂಪು ಕೂಸನ್ನು ದಾಟಿ ಕಟ್ಟೆಯ ಆಚೆ ನೆಲಕ್ಕಿಳಿಯಿತು. ಗೆರಿನ್ ಮಾತೆಯ ಮುಖ ನೋಡಿದ, ಪುಕ್ಕ ನೋಡಿದ, ಮತ್ತೆ ಮಾತೆಯ ಮುಖ ನೋಡಿದ. ಅವಳು ಮರದ ಮೂರ್ತಿ, ಮುತ್ತಿಟ್ಟು ಮುತ್ತಿಟ್ಟು ಕಾಲಿನ ಬೆರಳುಗಳು ಸವೆದುಹೋಗಿದ್ದವು. "ಕೊಡು ತಾಯಿ," ಎಂದು ಅವನು ಒಳಗೊಳಗೇ ಹೇಳಿಕೊಳ್ಳುತ್ತಿದ್ದ. "ಒಂದೇ ಒಂದು ಉಸಿರು. ಎರಡು ಕೇಳಲ್ಲ."

ಹೆಂಗಸರಲ್ಲಿ ಒಬ್ಬೊಬ್ಬರೇ ಎದ್ದು ಹೊರಡತೊಡಗಿದರು. ಅವನ ಕಡೆ ನೋಡದೆ ಹೋದರು. ಬೇಕರಿಯವಳು ಮಾತ್ರ, "ಎಂಥಾ ಅಪ್ಪನಯ್ಯಾ ನೀನು," ಎಂದು ಹೋದಳು.

ಬಾರ್ಬ್ ಅವನ ಕಿವಿಯ ಹತ್ತಿರ ಬಗ್ಗಿದಳು. "ಇಡೋ ಅದನ್ನ ವಾಪಸ್ಸು. ಕಾಲಿಗೆ ಬೀಳ್ತೀನಿ."

"ಅದು ಕೆಂಡದ ಬಿಸಿ ಬಾರ್ಬಕ್ಕ."

"ಬಿಸೀನೇ ಅನ್ಕೋ. ಇಲ್ಲಿಗೆ ಬಂದ ಯಾವ ಮಗುಗೆ ಕೆಂಡ ಇಡ್ಲಿಲ್ಲ?"

ಆಗ ಜಾಕೊತ್ ಎದ್ದು ಅವನ ಮುಂದೆ ಬಂದು ನಿಂತಳು. ಇಷ್ಟು ಹೊತ್ತು ಮೇಣದ ಬುಟ್ಟಿಯ ಪಕ್ಕ ಕಲ್ಲಿನ ಹಾಗೆ ಕೂತಿದ್ದಳು. ಅವಳ ದನಿ ಏರಲಿಲ್ಲ.

"ನಾವೆಲ್ಲ ಕುರುಡರು ಅನ್ಕೊಂಡ್ಯಾ? ಕೆಂಡ ಇಡೋಳು ನಾನು. ನಂಗೆ ಗೊತ್ತಿಲ್ವಾ ಎಲ್ಲಿಡ್ತೀನಿ ಅಂತ? ನನ್ನ ಗಂಡುಮಗು ಇದೇ ಕಟ್ಟೆ ಮೇಲೆ ಉಸಿರಾಡ್ದ. ನಾನು ಇನ್ನೂ ಹುಡುಗಿ ಆಗ. ನಮ್ಮಮ್ಮ ಬಂದು ಹೇಳಿದ್ಲು, ಪುಕ್ಕ ಎದ್ದು ಗಲ್ಲದ ಮೇಲೆ ಕೂತ್ಕೊಳ್ತು ಕಣೆ ಅಂತ. ಅವತ್ತೂ ಕೆಂಡ ಇತ್ತೋ ಇಲ್ವೋ, ನಾನು ಕೇಳ್ಲಿಲ್ಲ. ಇಷ್ಟು ವರ್ಷ ಕೇಳ್ಲಿಲ್ಲ. ನೀನು ತೆಗೆದಿದ್ದು ನಿನ್ನ ಮಗೂದು ಒಂದೇ ಅನ್ಕೊಂಡ್ಯಾ? ನಂದೂ ತೆಗೆದೆ. ಆ ಹೋದ್ರಲ್ಲ, ಅವರೆಲ್ಲರ್ದೂ ತೆಗೆದೆ."

ಗೆರಿನ್ ಅವಳನ್ನೇ ನೋಡಿದ. ಬಾಗಿಲಿನ ಕಾವಲಿನವನ ಮುಖ ಅವನಿಗೆ ನೆನಪಾಯಿತು. ಅವರೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಕಡೆ ನೋಡದೆ ಇರುವುದನ್ನು ಅವರು ತಾಯಿಯಿಂದ ಮಗಳಿಗೆ ಕಲಿಸಿಕೊಂಡು ಬಂದಿದ್ದರು. ಅದೇ ಅವರ ಭಕ್ತಿ, ಅದೇ ಅವರ ಕರುಣೆ. ಕಾಡಿನಲ್ಲಿ ಒಬ್ಬನೇ ಬದುಕಿದವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಅವನು ಎದ್ದ. ಕಂಬದ ಹಿಂದಿನಿಂದ ಅಗ್ಗಿಷ್ಟಿಕೆಯನ್ನು ತಂದ. ಆತುರದಲ್ಲಿ ಬರಿಗೈಯಲ್ಲೇ ಹಿಡಿದಿದ್ದ, ಅಂಗೈ ಸುಟ್ಟದ್ದು ಗೊತ್ತಾಗಲಿಲ್ಲ. ಅದು ಮೊದಲಿದ್ದಲ್ಲೇ, ಅದಕ್ಕಿಂತಲೂ ಹತ್ತಿರ ಇಟ್ಟು ತಾನೇ ಬಾಗಿ ಕೆಂಡ ಊದಿದ. ಪುಕ್ಕ ಎದ್ದಿತು.

"ಕಂಡೆ ಗುರುಗಳೇ," ಎಂದ. "ಆಣೆಗೂ ಕಂಡೆ. ಉಸಿರಾಡಿದ್ಲು. ಮಾತೆಯ ಪಾದ ಮುಟ್ಟಿ ಹೇಳ್ತೀನಿ." ಮುಟ್ಟಿಯೂ ಮುಟ್ಟಿದ.

ಪಾದ್ರಿ ಬೆರ್ತಿಯೆ ಗಿಂಡಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ತಮ್ಮ ಒಡೆದ ಬೆರಳುಗಳನ್ನು ನೋಡಿಕೊಂಡರು. ಎಷ್ಟೋ ವರ್ಷಗಳಿಂದ ಅವರು ಆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತದ್ದು ಯಾಕೆಂದು ಆಗ ಗೆರಿನನಿಗೆ ಅರ್ಥವಾಯಿತು.

"ನೀನು ಕಂಡೆ ಅಂತೀಯ, ಮಗು," ಎಂದರು. "ಆದ್ರೆ ಈಗ ನಾನೂ ಕಂಡುಬಿಟ್ಟೆನಲ್ಲ."

"ಗುರುಗಳೇ."

"ನಾನು ಏನು ಮಾಡಲಿ ಹೇಳು. ಸತ್ತದ್ದಕ್ಕೆ ನೀರು ಹಾಕಿದರೆ ಅದು ಅವಳಿಗೂ ತಲುಪೋದಿಲ್ಲ, ನನಗೂ ಪಾಪ. ಗೊತ್ತಿಲ್ಲದೆ ಹಾಕಿದ್ದು ದೇವರ ಲೆಕ್ಕಕ್ಕೆ. ಗೊತ್ತಿದ್ದೂ ಹ್ಯಾಗೆ ಹಾಕಲಿ?" ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದರು. ಗಿಂಡಿಯ ನೀರನ್ನು ಕಲ್ಲಿನ ಸಂದಿಗೆ ಚೆಲ್ಲಿದರು. ಹೋಗುವಾಗ ಅವನ ಹೆಗಲು ಮುಟ್ಟಲು ಕೈ ಎತ್ತಿ, ಮುಟ್ಟದೆ ಹೋದರು.

ಎರ್ಮಿನ್, "ಏನಾಯ್ತೋ? ಹೆಸ್ರು ಏನಿಟ್ರು?" ಎಂದು ಕೇಳುತ್ತಲೇ ಇದ್ದಳು. ಯಾರೂ ಉತ್ತರಿಸದಿದ್ದಾಗ ಅವಳಿಗೆ ತಿಳಿಯಿತು. ಮಗನ ಮುಖವಿರುವ ಕಡೆಗೆ ಕೈ ಬೀಸಿ ಒಂದು ಏಟು ಕೊಟ್ಟಳು. ಏಟು ಕಿವಿಗೆ ಬಿತ್ತು. ಆಮೇಲೆ ಅದೇ ಕೈಯಿಂದ ಅವನ ಕಿವಿಯನ್ನು ಸವರುತ್ತ ನಿಂತಳು.

ಬುಟ್ಟಿ ಎತ್ತಿಕೊಂಡು ಹೊರಡುವಾಗ ಜಾಕೊತ್ ಹಿಂದೆಯೇ ಬಂದಳು. ಸಿಟ್ಟು ಇಳಿದಿರಲಿಲ್ಲ. "ಬಡಗಣ ಗೋಡೆ ಹತ್ರ ಹೋಗಿ," ಎಂದಳು. "ಮೇಲೆ ನೋಡಿದ್ರೆ ಕಲ್ಲಿನ ಪಿಶಾಚಿ ಮೂತಿಗಳು ಬಾಯಿ ತೆಕ್ಕೊಂಡಿವೆ. ಮಳೆ ಬಂದ್ರೆ ಮಾಡಿನ ನೀರೆಲ್ಲ ಅವುಗಳ ಬಾಯಿಂದ ಬೀಳತ್ತೆ. ಇಗರ್ಜಿ ಮೇಲಿಂದ ಇಳಿದ ನೀರು. ಗತಿ ಇಲ್ಲದವರು ಅದರ ಕೆಳಗೆ ಹೂಳ್ತಾರೆ. ಪ್ರತಿ ಮಳೇಲೂ ತಲೆ ಮೇಲೆ ಬಿದ್ರೆ, ಯಾವತ್ತೋ ಒಂದಿನ ಲೆಕ್ಕಕ್ಕೆ ಬಂದೀತು ಅಂತ. ನೆಲ ಅಗೆದಿದ್ದು ಕಾಣದ ಹಾಗೆ ಮುಚ್ಚಿ." ಬಾರ್ಬ್‌ಳ ಕೈಗೊಂದು ಸನಿಕೆ ತುರುಕಿ ಒಳಗೆ ಹೋದಳು.

ಬಡಗಣ ಗೋಡೆಯ ಬುಡಕ್ಕೆ ವರ್ಷದ ಆ ಕಾಲದಲ್ಲಿ ಬಿಸಿಲೇ ಬೀಳುತ್ತಿರಲಿಲ್ಲ. ಸಂಜೆಯ ಬೂದು ಬೆಳಕಿನಲ್ಲಿ ಮೇಲೆ ಆ ಮೂತಿ ಕತ್ತು ಚಾಚಿಕೊಂಡಿತ್ತು. ಬಾಯಿಯಿಂದ ತೋಳಿನಷ್ಟು ಉದ್ದದ ಮಂಜುಗಡ್ಡೆ ಇಳಿಬಿದ್ದಿತ್ತು. ಗೆರಿನ್ ಅಗೆದ, ಬಾರ್ಬ್ ಅಗೆದಳು. ಹೆಪ್ಪುಗಟ್ಟಿದ ಮಣ್ಣು ಚಕ್ಕೆ ಚಕ್ಕೆಯಾಗಿ ಎದ್ದಿತು. ಸನಿಕೆಗೆ ಒಮ್ಮೆ ಏನೋ ತಾಕಿತು. ನೋಡಿದರೆ ಎಳೇ ಎಲುಬು, ಹಕ್ಕಿಯದರ ಹಾಗೆ. ಅದನ್ನು ಮತ್ತೆ ಮುಚ್ಚಿ ಒಂದು ಮಾರು ಪಕ್ಕಕ್ಕೆ ಅಗೆದರು. ಅಲ್ಲೂ ಇತ್ತು. ಆಮೇಲೆ ಅವರು ಜಾಗ ಹುಡುಕಲಿಲ್ಲ, ಅದರ ಪಕ್ಕದಲ್ಲೇ ಮಲಗಿಸಿದರು.

"ತಲೆ ಈ ಕಡೆ," ಎಂದಳು ಬಾರ್ಬ್, ಮೇಲಿನ ಮೂತಿಗೆ ನೇರ ಮಾಡುತ್ತ. ಆಮೇಲೆ ಅವಳಿಂದ ತಡೆಯಲಾಗಲಿಲ್ಲ. ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಕುಕ್ಕರಿಸಿದಳು.

ಗೆರಿನ್ ಮಣ್ಣು ಎಳೆದು ಸಮ ಮಾಡಿದ. "ಬಾರ್ಬಕ್ಕ," ಎಂದ. "ನೀನೂ ಅವ್ವನೂ ಮುಂದೆ ಹೋಗಿ ಇಸಾಬೊಗೆ ಹೇಳ್ಬಿಡಿ, ಉಸಿರಾಡಿದ್ಲು ಅಂತ. ನಾನು ಮಳೆ ಬಂದ್ಮೇಲೆ ಬರ್ತೀನಿ."

"ಈ ಚಳೀಲಿ ಮಳೆ ಬರೋದು ಯಾವ ಕಾಲಕ್ಕೆ? ಹುಚ್ಚು ಹಿಡಿದಿದ್ಯಾ? ನಾನು ಹೇಳಿದ್ರೆ ಅವಳು ನಂಬಲ್ಲ. ನೀನು ಹೇಳಿದ್ರೆ ನಂಬ್ತಾಳೆ. ನೀನೇ ಹೇಳ್ಬೇಕು."

"ನನ್ನ ಕೈಲಾಗಲ್ಲ."

"ಆಗ್ಬೇಕು. ಒಳಗೆ ಆಗ್ಲಿಲ್ವಲ್ಲ, ಮನೇಲಾದ್ರೂ ಆಗ್ಬೇಕು," ಎಂದಳು ಬಾರ್ಬ್. ಕಣ್ಣೊರೆಸಿಕೊಂಡದ್ದರಿಂದ ಮುಖವೆಲ್ಲ ಮಣ್ಣಾಗಿತ್ತು.

ಆ ರಾತ್ರಿ ಯಾರದೋ ಕೊಟ್ಟಿಗೆಯಲ್ಲಿ ಕಳೆದು ಮರುದಿನ ಮನೆ ಸೇರಿದರು. ಇಸಾಬೊ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಬಾರ್ಬ್ ಒಳಗೆ ಬರಲಿಲ್ಲ. ಎರ್ಮಿನ್ ಒಲೆಯ ಹತ್ತಿರ ಹೋಗಿ, ಉರಿಯುತ್ತಿದ್ದ ಬೆಂಕಿಗೇ ಮತ್ತೆ ಕಟ್ಟಿಗೆ ಒಟ್ಟತೊಡಗಿದಳು. ಗೆರಿನ್ ಹೆಂಡತಿಯ ಪಕ್ಕ ಕೂತ.

"ನೋಡ್ದಾ?"

"ನೋಡ್ದೆ."

"ನೀನೇ?"

"ನಾನೇ. ಉಸಿರಾಡಿದ್ಲು."

ಇಸಾಬೊಳ ಹೆಗಲು ಕುಸಿಯಿತು, ಹೊತ್ತ ಹೊರೆ ಇಳಿಸಿದವಳ ಹಾಗೆ. ಬಹಳ ಹೊತ್ತು ಅತ್ತಳು. ಆಮೇಲೆ ಕೇಳಲು ಶುರು ಮಾಡಿದಳು. ಕೆನ್ನೆ ಕೆಂಪಾಯ್ತಾ? ಎರಡೂ ಕೆನ್ನೆನಾ? ಕಣ್ಣು ಬಿಟ್ಲಾ? ಪುಕ್ಕ ಎಷ್ಟು ಸಲ ಎದ್ದಿತು? ನೀರು ಹಾಕಿದಾಗ ಚಳಿಗೆ ಮುಖ ಕಿವುಚಿದ್ಲಾ? ಗೆರಿನ್ ಒಂದೊಂದಕ್ಕೂ ಉತ್ತರ ಹೇಳಿದ. ಎರಡೂ ಕೆನ್ನೆ. ಕಣ್ಣು ಬಿಡಲಿಲ್ಲ, ಆದರೆ ರೆಪ್ಪೆ ಅದುರಿತು. ಮೂಗು ಸ್ವಲ್ಪ ಸುಕ್ಕಾಯಿತು. ಮಾತು ಬಾರದವನ ಬಾಯಲ್ಲಿ ಮಾತು ಎಲ್ಲಿಂದ ಬರುತ್ತಿದೆಯೆಂದು ಅವನಿಗೇ ಆಶ್ಚರ್ಯ. ಒಲೆಯ ಮುಂದೆ ಎರ್ಮಿನಳ ಕೈ ನಿಂತಿತ್ತು. ಅವಳೂ ಕೇಳುತ್ತಿದ್ದಳು, ಬಾಯಿ ಅರ್ಧ ತೆರೆದು, ಕಣ್ಣಿಲ್ಲದೆ ತನಗೆ ತಪ್ಪಿಹೋದದ್ದನ್ನು ಈಗ ಕಾಣುತ್ತಿರುವವಳ ಹಾಗೆ.

"ಹೆಸ್ರು?"

ಗೆರಿನ್‌ಗೆ ಇದು ಹೊಳೆದಿರಲೇ ಇಲ್ಲ.

"ಕ್ಲೆರ್," ಎಂದ.

"ಕ್ಲೆರ್," ಎಂದಳು ಇಸಾಬೊ. ಮತ್ತೆ ಒಮ್ಮೆ, ಮೆಲ್ಲಗೆ, ಅಲ್ಲೇ ಪಕ್ಕದಲ್ಲಿ ಮಲಗಿರುವವಳನ್ನು ಎಬ್ಬಿಸದ ಹಾಗೆ ಹೇಳಿಕೊಂಡಳು. ಅವನ ಸುಟ್ಟ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವನು ನೋವು ತೋರಿಸಲಿಲ್ಲ. "ನಾನು ಎದ್ದು ಓಡಾಡೋ ಹಾಗಾದ್ಮೇಲೆ ಕರ್ಕೊಂಡು ಹೋಗ್ತೀಯಾ? ಅವಳ ಜಾಗಕ್ಕೆ. ಶಿಲುಬೆ ನೆಟ್ಟಿದಾರೆ ತಾನೆ?"

"ನೆಟ್ಟಿದಾರೆ," ಎಂದ ಗೆರಿನ್. "ಮರದ್ದು. ಚಿಕ್ಕದು."

"ಹೆಸ್ರು ಬರೆದಿದಾರಾ?"

"ಬರೆದಿದಾರೆ."

ಇಬ್ಬರಿಗೂ ಓದು ಬರುತ್ತಿರಲಿಲ್ಲ. ವಸಂತ ಬರುವಷ್ಟರಲ್ಲಿ ಒಂದು ಶಿಲುಬೆ ಕೆತ್ತಬೇಕು, ಅದರ ಮೇಲೆ ಆ ಹೆಸರು ಬರೆಯಬಲ್ಲವನನ್ನು ಹುಡುಕಬೇಕು, ಅವನಿಗೆ ಏನಾದರೂ ಹೇಳಬೇಕು, ಇಗರ್ಜಿಯ ನೆಲದಲ್ಲಿ ಯಾರದೋ ಗೋರಿಯ ಪಕ್ಕ ಯಾರೂ ನೋಡದ ಹೊತ್ತಿನಲ್ಲಿ ಅದನ್ನು ನೆಟ್ಟು ಬರಬೇಕು. ಯಾವ ಮರ ಹಳೆಯದರ ಹಾಗೆ ಬೇಗ ಕಪ್ಪಾಗುತ್ತದೆಂದು ಗೆರಿನ್ ಆಗಲೇ ಯೋಚಿಸುತ್ತಿದ್ದ.